ಯಂತ್ರದ ತವರು ಯಾವುದು?

1914ರಲ್ಲಿ ಇಟಲಿಯ ಮಿಲಾನ್ ನಗರದ ಕುರ್ಸಾಲ್ ಡಯಾನಾ ಎಂಬ ಕಟ್ಟಡದಲ್ಲಿ ಸೈಕಲ್ ಮತ್ತು ಮೋಟಾರ್ ಸೈಕಲ್ ತಯಾರಕರು ಒಟ್ಟು ಸೇರಿ ತಮ್ಮ ವಾಹನಗಳನ್ನು ಜನರ ಮುಂದಿಟ್ಟರು. ಅದೇ ವರ್ಷ ಯುರೋಪಿನಲ್ಲಿ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಎರಡು ಮಹಾಯುದ್ಧಗಳನ್ನು, ಒಂದು ಸರ್ವಾಧಿಕಾರವನ್ನು, ಹತ್ತಾರು ಕಾರ್ಖಾನೆಗಳ ಹುಟ್ಟುಸಾವುಗಳನ್ನು ಕಂಡ ಆ ಪ್ರದರ್ಶನ ಇಂದಿಗೂ ಉಳಿದು ಬಂದಿದೆ. ಅದರ ಹೆಸರು ಐಕ್ಮಾ. ಕೊರೊನಾದ ಕಾರಣ 2020ರಲ್ಲಿ ನಿಂತಿತ್ತು. 2024ರ ನವೆಂಬರ್ 5ರಿಂದ 10ರವರೆಗೆ ನಡೆದ ಪ್ರದರ್ಶನಕ್ಕೆ ಆರು ಲಕ್ಷಕ್ಕೂ ಹೆಚ್ಚು ಜನ ಬಂದರೆಂದು ಸಂಘಟಕರು ಲೆಕ್ಕ ಕೊಟ್ಟಿದ್ದಾರೆ. ಆ ಆರು ಲಕ್ಷದಲ್ಲಿ ನಾವೂ ಮೂವರಿದ್ದೆವು.

ನಮಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತದೆ, ಅದರ ಒಳಗಿನ ಸಂಗತಿ ಗೊತ್ತಿಲ್ಲ. ಹೋದದ್ದು ಮಾಮೂವಿಗಾಗಿ. ಮಾಮೂ ಎಂದರೆ ನಮ್ಮ ತಾಯಿಯ ತಮ್ಮ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಸುಮಾರು ನಲವತ್ತು ವರ್ಷ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ರಿಪೇರಿ ಮಾಡಿದವರು. ಅವರ ಗ್ಯಾರೇಜಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಲಸ ಕಲಿಯಲು ಬಂದ ಹುಡುಗರಿಗೆ ಅವರು ಮೊದಲ ತಿಂಗಳು ಪಾನಾ ಮುಟ್ಟಲು ಬಿಡುತ್ತಿರಲಿಲ್ಲ. ನಮ್ಮ ಮನೆಮಾತಿನಲ್ಲಿ ಸ್ಪ್ಯಾನರಿಗೆ ಪಾನಾ ಎನ್ನುತ್ತೇವೆ. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಜೋಡಿಸುವುದಷ್ಟೇ ಹುಡುಗರ ಕೆಲಸ. "ಬಿಚ್ಚೋದು ಕತ್ತೆಗೂ ಬರುತ್ತೆ, ಸಾಲಾಗಿ ಇಡೋನು ಮಾತ್ರ ವಾಪಸ್ ಜೋಡಿಸ್ತಾನೆ" ಎನ್ನುತ್ತಿದ್ದರು.

ಮಾಮೂವಿನ ಮಗಳು ಇಂಜಿನಿಯರಿಂಗ್ ಓದಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಒಂದು ತಿಂಗಳ ಮಟ್ಟಿಗೆ ಹೊರಟ ಮಾಮೂ ಒಬ್ಬರೇ ವಿಮಾನ ಹತ್ತಲು ಒಪ್ಪದ ಕಾರಣ ಜೊತೆಗೆ ನಾವು ಹೊರಟಿದ್ದೆವು. ಒಂದು ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅವಳು, "ಅಬ್ಬಾ, ನಾಳೆ ನಾಡಿದ್ದು ರಜೆ. ಇಟಲಿಗೆ ಹೋಗಿ ಬರೋಣ. ಅಲ್ಲೊಂದು ಗಾಡಿಗಳ ಜಾತ್ರೆ ಇದೆ" ಎಂದಳು. ಮಾಮೂ ನಮ್ಮ ಮುಖ ನೋಡಿದರು. "ಮೈಸೂರಿಂದ ಬೆಂಗಳೂರಿಗೆ ಹೋಗೋ ಹಾಗೆ ಹೇಳ್ತಾಳಲ್ಲ ಇವಳು" ಎಂದರು.

ಬಹುಪಾಲು ಹಾಗೆಯೇ ಇತ್ತು. ಬೆಳಿಗ್ಗೆ ಹತ್ತಿದ ರೈಲು ಆಲ್ಪ್ಸ್ ಪರ್ವತದ ಅಡಿಯಲ್ಲಿ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗದೊಳಗೆ ನುಗ್ಗಿ ಹೊರಬಂದಿತು. ಮಾಮೂ ಪಾಸ್‌ಪೋರ್ಟನ್ನು ಅಂಗಿಯ ಜೇಬಿನಲ್ಲಿಟ್ಟು ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಬಹಳ ಹೊತ್ತಿನ ಮೇಲೆ "ಗಡಿ ಎಲ್ಲಿ ಬರುತ್ತೆ?" ಎಂದು ಕೇಳಿದರು. ಮಗಳು "ಆಗಲೇ ದಾಟಿ ಬಂದ್ವಿ ಅಬ್ಬಾ" ಎಂದಳು. ಯಾರೂ ಏನೂ ಕೇಳಿರಲಿಲ್ಲ. ಮಾಮೂ ಜೇಬಿನ ಮೇಲಿನ ಕೈ ತೆಗೆಯಲಿಲ್ಲ.

ಮಿಲಾನಿನ ಮುಖ್ಯ ನಿಲ್ದಾಣದಿಂದ ಪ್ರದರ್ಶನದ ಜಾಗಕ್ಕೆ ಮೆಟ್ರೋದಲ್ಲಿ ಹೋಗಬೇಕು. ನಾವು ಬಂಡಿ ಬದಲಿಸಿದ್ದು ಲೊರೆಟೊ ಎಂಬಲ್ಲಿ. ಆ ಹೆಸರನ್ನು ಶಾಲೆಯ ಇತಿಹಾಸದ ಪಾಠ ಓದಿದವರು ಮರೆಯಲಾರರು. 1945ರ ಏಪ್ರಿಲ್ 29ರಂದು ಮುಸೊಲಿನಿಯ ಶವವನ್ನು ತಲೆಕೆಳಗಾಗಿ ನೇತುಹಾಕಿದ್ದು ಮೇಲಿನ ಆ ಚೌಕದಲ್ಲೇ. ಇಂದು ಅದರ ಅಡಿಯಲ್ಲಿ ಹೆಲ್ಮೆಟ್ ಹಿಡಿದ ಹುಡುಗರು, ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು ರೋ ಕಡೆಗೆ ಹೋಗುವ ಬಂಡಿಗಾಗಿ ಕಾಯುತ್ತಿದ್ದರು.

ರೋ ಎಂಬುದು ಮಿಲಾನಿನ ಅಂಚಿನ ಊರು. ವಾಸ್ತುಶಿಲ್ಪಿ ಮಾಸ್ಸಿಮಿಲಿಯಾನೊ ಫುಕ್ಸಾಸ್ ವಿನ್ಯಾಸಗೊಳಿಸಿದ ಅಲ್ಲಿನ ಪ್ರದರ್ಶನ ನಗರ 2005ರಲ್ಲಿ ತೆರೆಯಿತು. ಒಂದು ಕಿಲೋಮೀಟರಿಗೂ ಉದ್ದದ ನಡುದಾರಿ, ಅದರ ಮೇಲೆ ಅಲೆ ಅಲೆಯಾಗಿ ಇಳಿದು ಏರುವ ಗಾಜಿನ ಚಾವಣಿ, ಎರಡೂ ಬದಿಗೆ ನಮ್ಮ ಎಪಿಎಂಸಿ ಯಾರ್ಡುಗಳನ್ನೇ ನುಂಗುವಷ್ಟು ದೊಡ್ಡ ಹಜಾರಗಳು. ಒಳಗೆ ಬೆಳಕು, ಸಂಗೀತ, ಜನಜಂಗುಳಿ. ಮೋಟಾರ್ ಸೈಕಲ್ಲುಗಳು ಮದುಮಗನಂತೆ ಸಿಂಗಾರಗೊಂಡು ಎತ್ತರದ ಪೀಠಗಳ ಮೇಲೆ ನಿಂತಿದ್ದವು. ಜನ ಅವುಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾಮೂ ಮಾತ್ರ ಯಾವುದರ ಮೇಲೂ ಕೂರಲಿಲ್ಲ. ಪ್ರತಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಅಡಿಭಾಗ ನೋಡುತ್ತಿದ್ದರು.

ನಮಗೆ ಕಣ್ಣಿಗೆ ಬಿದ್ದದ್ದು ಬೇರೆ. ಪ್ರತಿ ಮಳಿಗೆಯೂ ತನ್ನ ವಂಶಾವಳಿ ಸಾರುತ್ತಿತ್ತು. ಒಂದು ಮಳಿಗೆಯಲ್ಲಿ ಇಟಲಿಯ ಬಾವುಟದ ಮೂರು ಬಣ್ಣ, ಇನ್ನೊಂದರಲ್ಲಿ ಇಂಗ್ಲೆಂಡಿನ ಗತವೈಭವ. ಸ್ಥಾಪನೆಯಾದ ಇಸವಿ, ಹುಟ್ಟಿದ ಊರು, ಸ್ಥಾಪಕನ ಮನೆತನ. ನಮ್ಮ ರಕ್ತ ಶುದ್ಧ, ನಮ್ಮ ಬೇರು ಆಳ ಎಂಬ ಮಾತೇ ಎಲ್ಲೆಲ್ಲೂ. ಆ ಮಾತು ನಮಗೆ ಹೊಸದಲ್ಲ. ನಮ್ಮ ಊರಲ್ಲೂ ಈಚೆಗೆ ಜನರನ್ನು ನೋಡಿದರೆ ಮೊದಲು ಕೇಳುವುದು ಅದನ್ನೇ: ಮೂಲ ಯಾವುದು? ಆದರೆ ಈ ಗಾಡಿಗಳ ಚರಿತ್ರೆಯನ್ನು ಸ್ವಲ್ಪ ಬಿಚ್ಚಿ ನೋಡಿದರೆ ಕಾಣುವುದೇ ಬೇರೆ. ಶುದ್ಧ ಮೂಲದ ಒಂದೇ ಒಂದು ಗಾಡಿಯೂ ಸಿಗುವುದು ಕಷ್ಟ.

*

ವೆಸ್ಪಾ ಸ್ಕೂಟರನ್ನೇ ತೆಗೆದುಕೊಳ್ಳಿ. ಇಟಲಿಯ ಹೆಮ್ಮೆ ಎಂದು ಎಲ್ಲರೂ ಒಪ್ಪುವ ಈ ಗಾಡಿ ಹುಟ್ಟಿದ್ದು ಸೋಲಿನಿಂದ. ಟಸ್ಕನಿ ಪ್ರಾಂತದ ಪೊಂಟೆಡೆರಾದಲ್ಲಿದ್ದ ಪಿಯಾಜ್ಜೊ ಕಂಪನಿ ಯುದ್ಧವಿಮಾನ ತಯಾರಿಸುತ್ತಿತ್ತು. ಮಿತ್ರರಾಷ್ಟ್ರಗಳ ಬಾಂಬಿಗೆ ಕಾರ್ಖಾನೆ ನೆಲಸಮವಾಯಿತು. ಸೋತ ದೇಶಕ್ಕೆ ವಿಮಾನ ಕಟ್ಟಲು ತಡೆ ಬಿತ್ತು. ಕೆಲಸಗಾರರಿದ್ದರು, ಕೆಲಸವಿರಲಿಲ್ಲ. ಮುರಿದ ರಸ್ತೆಗಳಲ್ಲಿ ಓಡಾಡಲು ಜನರಿಗೆ ಅಗ್ಗದ ವಾಹನ ಬೇಕಿತ್ತು. ಮಾಲೀಕ ಎನ್ರಿಕೊ ಪಿಯಾಜ್ಜೊ ಈ ಕೆಲಸವನ್ನು ಕೊರಾಡಿನೊ ಡಿ'ಆಸ್ಕಾನಿಯೊ ಎಂಬ ಇಂಜಿನಿಯರಿಗೆ ಒಪ್ಪಿಸಿದರು. ಅವರು ಹೆಲಿಕಾಪ್ಟರ್ ತಯಾರಿಕೆಯಲ್ಲಿ ಹೆಸರಾದವರು. ಮೋಟಾರ್ ಸೈಕಲ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾಲೆತ್ತಿ ಹತ್ತಬೇಕು, ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ದೊಡ್ಡ ರಗಳೆ.

ಆ ಇಷ್ಟವಿಲ್ಲದಿರುವಿಕೆಯೇ ವರವಾಯಿತು. ಅವರು ಇಂಜಿನ್ನನ್ನು ಹಿಂಚಕ್ರದ ಪಕ್ಕಕ್ಕೆ ತಂದು ಚೈನನ್ನೇ ತೆಗೆದುಹಾಕಿದರು. ಗೇರನ್ನು ಕೈಗೆ ಕೊಟ್ಟರು. ಬಟ್ಟೆಗೆ ಕೆಸರು ಹಾರದಂತೆ ಮುಂದೆ ತಗಡಿನ ಗುರಾಣಿ ಹಾಕಿದರು. ಮುಂಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಬದಿಯ ತೋಳಿಗೆ ಸಿಕ್ಕಿಸಿದರು, ಬಿಚ್ಚುವುದು ಸುಲಭವಾಯಿತು. 1946ರ ಏಪ್ರಿಲ್ 23ರಂದು ಅದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಗುಂಯ್‌ಗುಡುವ ಸದ್ದು, ಸಣ್ಣ ಸೊಂಟ ನೋಡಿ ಕಣಜದ ಹೆಸರೇ ಬಂತು. ಇಟಾಲಿಯನ್ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜ. ಹತ್ತು ವರ್ಷದಲ್ಲಿ, 1956ರ ಹೊತ್ತಿಗೆ, ಹತ್ತು ಲಕ್ಷ ವೆಸ್ಪಾಗಳು ತಯಾರಾಗಿದ್ದವು.

ಇದು ಪಿಯಾಜ್ಜೊ ಒಂದರ ಕಥೆಯಲ್ಲ. ವಿಮಾನ ಕಟ್ಟುತ್ತಿದ್ದ ಅಗುಸ್ತಾ ಮನೆತನ ಮೋಟಾರ್ ಸೈಕಲ್ಲಿಗೆ ಇಳಿದು ಎಂ.ವಿ. ಅಗುಸ್ತಾ ಆಯಿತು. ಬೊಲೊನ್ಯಾದಲ್ಲಿ 1926ರಿಂದ ರೇಡಿಯೋ ಭಾಗಗಳನ್ನು ಮಾಡುತ್ತಿದ್ದ ಡುಕಾಟಿ ಬಾಂಬಿನಿಂದ ಹಾಳಾದ ಮೇಲೆ, ಸೈಕಲ್ಲಿಗೆ ಕಟ್ಟುವ ಕುಚ್ಚೊಲೊ ಎಂಬ ಪುಟ್ಟ ಮೋಟಾರು ತಯಾರಿಸಿ ಉಸಿರು ಹಿಡಿಯಿತು. ಕುಚ್ಚೊಲೊ ಎಂದರೆ ನಾಯಿಮರಿ. ಅಂದು ನಾಯಿಮರಿ ಮಾರಿದವರ ಮಳಿಗೆಯ ಮುಂದೆಯೇ ಇಂದು ಕಾಲಿಡಲು ಜಾಗವಿರಲಿಲ್ಲ.

ವೆಸ್ಪಾದ ಮುಂದಿನ ದಾರಿ ನಮಗೆಲ್ಲ ಗೊತ್ತಿರುವುದೇ. ಪಿಯಾಜ್ಜೊದ ಪರವಾನಗಿಯಲ್ಲಿ ಬಜಾಜ್ ಕಂಪನಿ ಭಾರತದಲ್ಲಿ ಅದನ್ನು ತಯಾರಿಸಿತು. 1971ರಲ್ಲಿ ಒಪ್ಪಂದ ಮುಗಿದಾಗ ಅದೇ ದೇಹಕ್ಕೆ ಹೊಸ ಹೆಸರಿಟ್ಟು 1972ರಲ್ಲಿ ಚೇತಕ್ ಹೊರಬಂತು. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಇಟಲಿಯ ಕಣಜ! ನಮ್ಮೂರಿನ ಮೇಷ್ಟರು ಬೆಳಿಗ್ಗೆ ಅದನ್ನು ಒಂದು ಬದಿಗೆ ವಾಲಿಸಿ, ಪೆಟ್ರೋಲ್ ಇಳಿಸಿಕೊಂಡು, ಕಿಕ್ ಹೊಡೆಯುವಾಗ ಅದು ಪರದೇಶಿ ಎಂದು ಯಾರಿಗೂ ಅನಿಸಿರಲಿಲ್ಲ.

*

ರಾಯಲ್ ಎನ್‌ಫೀಲ್ಡ್ ಮಳಿಗೆಯಲ್ಲಿ ಒಂದು ಹೊಸ ವಿದ್ಯುತ್ ಗಾಡಿಯ ಸುತ್ತ ಗುಂಪು ಕಟ್ಟಿತ್ತು. ಪ್ರದರ್ಶನಕ್ಕೆ ಒಂದು ದಿನ ಮುಂಚೆ ಮಿಲಾನಿನಲ್ಲೇ ಅದನ್ನು ಅನಾವರಣ ಮಾಡಿದ್ದರು. ಹೆಸರು ಫ್ಲೈಯಿಂಗ್ ಫ್ಲೀ, ಅಂದರೆ ಹಾರುವ ಚಿಗಟ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಪ್ಯಾರಾಚೂಟು ಕಟ್ಟಿ ವಿಮಾನದಿಂದ ಇಳಿಸುತ್ತಿದ್ದ 125 ಸಿ.ಸಿ.ಯ ಹಗುರ ಗಾಡಿಯ ಹೆಸರದು.

ಆ ಯುದ್ಧಕಾಲದ ಗಾಡಿಯ ಮೂಲ ಕೇಳಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಅದು ಬ್ರಿಟಿಷ್ ಬುದ್ಧಿಯಲ್ಲ, ಜರ್ಮನ್ ಡಿಕೆಡಬ್ಲ್ಯು ಗಾಡಿಯ ನಕಲು. ಸಾಕ್ಸನಿಯ ಚೋಪಾವ್ ಎಂಬ ಊರಿನ ಈ ಕಂಪನಿಯನ್ನು ಕಟ್ಟಿದ್ದು ಡೆನ್ಮಾರ್ಕಿನಿಂದ ಬಂದ ರಾಸ್ಮುಸೆನ್ ಎಂಬವರು. ಡಿಕೆಡಬ್ಲ್ಯು ಗಾಡಿಗಳನ್ನು ಹಾಲೆಂಡಿನ ರೋಟರ್‌ಡ್ಯಾಮಿನಲ್ಲಿ ಸ್ಟೊಕ್ವಿಸ್ ಎಂಬ ವ್ಯಾಪಾರಿ ಸಂಸ್ಥೆ ಮಾರುತ್ತಿತ್ತು. ಆ ಸಂಸ್ಥೆಯ ಒಡೆತನದಲ್ಲಿ ಯಹೂದಿಗಳಿದ್ದಾರೆ ಎಂಬ ಕಾರಣಕ್ಕೆ ನಾಜಿ ಕಾಲದಲ್ಲಿ ಮಾರಾಟದ ಹಕ್ಕನ್ನು ಕಿತ್ತುಕೊಳ್ಳಲಾಯಿತು. ಸ್ಟೊಕ್ವಿಸ್‌ನವರು ಸುಮ್ಮನೆ ಕೂರಲಿಲ್ಲ. ಅಂಥದ್ದೇ ಗಾಡಿ ಮಾಡಿಕೊಡಿ ಎಂದು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್‌ಗೆ ಕೇಳಿಕೊಂಡರು. ಹೀಗೆ ಹುಟ್ಟಿದ ಗಾಡಿ ಮುಂದೆ ನಾಜಿಗಳ ವಿರುದ್ಧವೇ ಆಕಾಶದಿಂದ ಇಳಿಯಿತು.

ಯುದ್ಧ ಮುಗಿದ ಮೇಲೆ ಡಿಕೆಡಬ್ಲ್ಯುನ ಇನ್ನೊಂದು ಗಾಡಿ, ಆರ್‌ಟಿ 125, ಗೆದ್ದವರ ಪಾಲಾಯಿತು. ಸೋವಿಯತ್ ಒಕ್ಕೂಟದಲ್ಲಿ ಅದು ಮಾಸ್ಕ್ವಾ ಆಯಿತು. ಇಂಗ್ಲೆಂಡಿನಲ್ಲಿ 1948ರಲ್ಲಿ ಬಿಎಸ್‌ಎ ಬ್ಯಾಂಟಮ್ ಆಯಿತು. ಅಮೆರಿಕಾದ ಹಾರ್ಲೆ ಡೇವಿಡ್‌ಸನ್ ಕೂಡ ಅದೇ ಮಾದರಿಯಲ್ಲಿ ಪುಟ್ಟ ಗಾಡಿ ತಂದಿತು. ಪಿಯಾನೋ ತಯಾರಿಸುತ್ತಿದ್ದ ಜಪಾನಿನ ಯಮಾಹಾ 1955ರಲ್ಲಿ ತನ್ನ ಮೊದಲ ಮೋಟಾರ್ ಸೈಕಲ್ ಮಾಡಿದಾಗ ಮುಂದಿಟ್ಟುಕೊಂಡದ್ದೂ ಅದನ್ನೇ. ಒಬ್ಬ ತಾಯಿಗೆ ನಾಲ್ಕು ದೇಶದಲ್ಲಿ ಮಕ್ಕಳು, ನಾಲ್ಕು ಮಕ್ಕಳಿಗೂ ನಾಲ್ಕು ಬಾವುಟ.

ಇನ್ನು ರಾಯಲ್ ಎನ್‌ಫೀಲ್ಡ್ ಎಲ್ಲಿಯದು? 1901ರಲ್ಲಿ ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಅದರ ಮೊದಲ ಮೋಟಾರ್ ಸೈಕಲ್ ತಯಾರಾಯಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಮದ್ರಾಸಿನಲ್ಲಿ ಬುಲೆಟ್ ಜೋಡಿಸಲು ಶುರುಮಾಡಿತು. 1967ರಲ್ಲಿ ರೆಡ್ಡಿಚ್ ಕಾರ್ಖಾನೆ ಮುಚ್ಚಿತು, 1970ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಲ್ಲವೂ ಮುಗಿಯಿತು. ಮದ್ರಾಸ್ ಮಾತ್ರ ಬುಲೆಟ್ ಮಾಡುತ್ತಲೇ ಇತ್ತು. 1977ರಲ್ಲಿ ಅದನ್ನು ಇಂಗ್ಲೆಂಡಿಗೇ ರಫ್ತು ಮಾಡತೊಡಗಿತು. ಬಿಟ್ಟುಹೋದವರ ಮನೆಯನ್ನು ಬಾಡಿಗೆದಾರ ಕಾಪಾಡಿದ ಹಾಗೆ. ಈಗ ಅದೇ ಬಾಡಿಗೆದಾರ ಮಿಲಾನಿಗೆ ಬಂದು ಮನೆಯೊಡೆಯನ ಹಳೆಯ ಕಥೆಯನ್ನು ಹೇಳುತ್ತಿದ್ದಾನೆ. ನಾರ್ಟನ್ ಹೆಸರನ್ನು 2020ರಲ್ಲಿ ಹೊಸೂರಿನ ಟಿವಿಎಸ್ ಕೊಂಡುಕೊಂಡಿತು. ಬಿಎಸ್‌ಎ ಹೆಸರಿಗೆ 2021ರಲ್ಲಿ ಮರುಜೀವ ಕೊಟ್ಟದ್ದೂ ಭಾರತದ ಕಂಪನಿಯೇ. 2015ರಲ್ಲಿ ಇದೇ ಮಿಲಾನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಬಿಎಂಡಬ್ಲ್ಯು ಜಿ 310 ಆರ್ ಜರ್ಮನ್ ಹೆಸರಿನದಾದರೂ ತಯಾರಾದದ್ದು ಬೆಂಗಳೂರಿನ ಮಗ್ಗುಲಿನ ಹೊಸೂರಿನಲ್ಲಿ.

*

ಮಾಮೂ ಸಂಜೆಯವರೆಗೆ ಹುಡುಕಿದ್ದು ಒಂದೇ ಹೆಸರನ್ನು. ನಾವು ಸುತ್ತಿದ ಹಜಾರಗಳಲ್ಲಿ ಅದು ಸಿಗಲಿಲ್ಲ. "ಇಷ್ಟು ದೊಡ್ಡ ಜಾತ್ರೇಲಿ ನಮ್ಮ ಜಾವಾ ಇಲ್ವಲ್ಲೋ" ಎಂದರು.

ನಮ್ಮ ಜಾವಾ! ಈ ಎರಡು ಪದಗಳ ಹಿಂದೆ ಎಷ್ಟು ದೇಶಗಳಿವೆ ನೋಡಿ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕರು ಮೋಟಾರ್ ಸೈಕಲ್ಲಿಗೆ ಕೈ ಹಾಕಿದರು. ವಾಂಡರರ್ ಎಂಬ ಜರ್ಮನ್ ಕಂಪನಿಯ ವಿನ್ಯಾಸ ಕೊಂಡರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ಆ ಕಂಪನಿಯ ಮೊದಲ ಎರಡು ಅಕ್ಷರ ಕೂಡಿಸಿ ಜಾವಾ ಎಂದಿಟ್ಟರು. ಹೆಸರೇ ಮಿಶ್ರತಳಿ. ಜರ್ಮನರು ದೇಶವನ್ನು ಆಕ್ರಮಿಸಿದ್ದ ವರ್ಷಗಳಲ್ಲಿ ಅಲ್ಲಿನ ಇಂಜಿನಿಯರುಗಳು ಅವರ ಕಣ್ಣು ತಪ್ಪಿಸಿ 250 ಸಿ.ಸಿ.ಯ ಹೊಸ ಗಾಡಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ಯಾರಿಸ್ ಪ್ರದರ್ಶನದಲ್ಲಿ ಅದು ಚಿನ್ನದ ಪದಕ ಪಡೆಯಿತು.

ಆ ಮನೆತನದ ಗಾಡಿ ಮೈಸೂರಿಗೆ ಬಂದದ್ದು ಜರತುಷ್ಟ್ರ ಧರ್ಮದ ಇರಾನಿ ಮನೆತನದವರ ಕೈಯಿಂದ. ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಯಾದವಗಿರಿಯಲ್ಲಿ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮುಂದೆ ಚೆಕ್ ಕಂಪನಿಯ ಹೆಸರು ಬಿಟ್ಟು ಸ್ವಂತ ಹೆಸರಿಡಬೇಕಾಗಿ ಬಂದಾಗ, ಮಾಲೀಕರು ತಮ್ಮ ಪೂರ್ವಿಕರ ನೆನಪಿನ ಊರನ್ನು ಆರಿಸಿಕೊಂಡರು. ಇರಾನಿನ ಯಜ್ದ್ ನಗರದಿಂದ ಯೆಜ್ಡಿ ಹುಟ್ಟಿತು. ಚೆಕ್ ಇಂಜಿನ್, ಪಾರಸೀಕ ಹೆಸರು, ಮೈಸೂರಿನ ಕೆಲಸಗಾರರ ಬೆವರು. ಸಂಜೆ ಪಾಳಿ ಬಿಟ್ಟಾಗ ಆ ಗೇಟಿನಿಂದ ಹೊರಬರುತ್ತಿದ್ದ ಜನರಲ್ಲಿ ಎಲ್ಲ ಜಾತಿ, ಎಲ್ಲ ಮೊಹಲ್ಲಾದವರೂ ಇದ್ದರು ಎಂದು ಮಾಮೂ ಹೇಳುತ್ತಾರೆ.

ಜಾವಾದ ಒಂದು ಗುಣ ಬೇರೆ ಗಾಡಿಗಳಲ್ಲಿ ಕಾಣುವುದು ಅಪರೂಪ. ಕಿಕ್ ಹೊಡೆಯುವ ಲಿವರೂ ಗೇರ್ ಹಾಕುವ ಲಿವರೂ ಒಂದೇ. ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಹೊತ್ತಿದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಹೊಸಬರು ಇದನ್ನು ಕಂಡು ತಬ್ಬಿಬ್ಬಾಗುತ್ತಿದ್ದರು. ಎರಡು ಸೈಲೆನ್ಸರಿನ ಆ ಸದ್ದು ಕೇಳಿಯೇ ಬಂದವರು ಯಾರೆಂದು ಹೇಳಬಲ್ಲವರು ಮಾಮೂ. ಅವರ ಗ್ಯಾರೇಜಿನ ಭಾಷೆಯೂ ಹಾಗೆಯೇ ಇತ್ತು. ಉಸ್ತಾದ್ ಎಂಬುದು ಫಾರ್ಸಿಯಿಂದ ಬಂದ ಪದ, ಪ್ಲಗ್ಗು ಪಾಯಿಂಟು ಇಂಗ್ಲಿಷಿನವು, ಬೈಗುಳ ದಖ್ಖನಿ, ಲೆಕ್ಕ ಮಾತ್ರ ಕನ್ನಡದಲ್ಲಿ. ಯಾವ ಪದ ಎಲ್ಲಿಂದ ಬಂತೆಂದು ಕೇಳಿ ಕೆಲಸ ನಿಲ್ಲಿಸಿದವರಿಲ್ಲ.

1980ರ ದಶಕದಲ್ಲಿ ಜಪಾನಿ ಕಂಪನಿಗಳ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು. ಅವು ಕಡಿಮೆ ಪೆಟ್ರೋಲು ಕುಡಿಯುತ್ತಿದ್ದವು. ಆಯಿಲ್ ಬೆರೆಸಿದ ಪೆಟ್ರೋಲು ಸುಡುವ ಟೂ ಸ್ಟ್ರೋಕ್ ಗಾಡಿಗಳಿಗೆ ಹೊಗೆಯ ನಿಯಮಗಳೂ ಭಾರವಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಸಾಯಲಿಲ್ಲ. ಹೊಸ ಭಾಗ ಸಿಗದಿದ್ದಾಗ ಮಾಮೂವಿನಂಥವರು ಹಳೆಯದನ್ನು ಬೆಸುಗೆ ಹಾಕಿ, ಲೇಥಿನಲ್ಲಿ ತಿರುಗಿಸಿ, ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ ಇಪ್ಪತ್ತು ವರ್ಷ ಜೀವ ಉಳಿಸಿದರು. 2018ರಲ್ಲಿ ಜಾವಾ ಹೆಸರಿನ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದಾಗ ಆ ಹೆಸರುಗಳಿಗೆ ಇನ್ನೂ ಬೆಲೆ ಇತ್ತಲ್ಲ, ಅದು ಜಾಹೀರಾತಿನಿಂದ ಉಳಿದ ಬೆಲೆಯಲ್ಲ. ಬೀದಿಯಲ್ಲಿ ಓಡುತ್ತಿದ್ದ ಹಳೆಯ ಗಾಡಿಗಳಿಂದ ಉಳಿದದ್ದು. ಓಡಿಸಿದವರು ಯಾರೆಂದು ಗೊತ್ತು. ಓಡುವಂತೆ ಇಟ್ಟವರ ಹೆಸರು ಎಲ್ಲೂ ಬರೆದಿಲ್ಲ.

ಮಿಲಾನಿನ ಪ್ರದರ್ಶನದಲ್ಲೂ ಇದೇ ಕೊರತೆ. ಅಲ್ಲಿ ಸ್ಥಾಪಕನಿಗೆ ಗೋಡೆಯಿದೆ, ವಿನ್ಯಾಸಕನಿಗೆ ವೇದಿಕೆಯಿದೆ, ರೇಸಿನಲ್ಲಿ ಗೆದ್ದವನಿಗೆ ಹಸ್ತಾಕ್ಷರದ ಸರದಿಯಿದೆ. ನಾವು ನೋಡಿದಷ್ಟರಲ್ಲಿ ರಿಪೇರಿ ಮಾಡಿದವನಿಗೆ ಒಂದು ಸ್ಟೂಲೂ ಇರಲಿಲ್ಲ. ಚರಿತ್ರೆಯನ್ನು ಹುಟ್ಟಿನಿಂದ ಬರೆದರೆ ಹೀಗಾಗುತ್ತದೆ. ಹುಟ್ಟಿಸಿದವರು ಸಿಗುತ್ತಾರೆ, ಸಾಕಿದವರು ಬಿಟ್ಟುಹೋಗುತ್ತಾರೆ.

ವಿದ್ಯುತ್ ಗಾಡಿಗಳ ಸಾಲಿನಲ್ಲಿ ಮಾಮೂ ಬಹಳ ಹೊತ್ತು ನಿಂತರು. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ ಕೂಡ ಈ ಪ್ರದರ್ಶನಕ್ಕೆ ಬಂದಿದೆ ಎಂದು ಮಗಳು ಹೇಳಿದಾಗ "ಶಾಬಾಶ್" ಎಂದರು. ಆಮೇಲೆ ಒಂದು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಕಡೆಯಿಂದ ನೋಡಿ, "ಬೇಟಿ, ಇದಕ್ಕೆ ಪಾನಾ ಎಲ್ಲಿ ಹಾಕೋದು?" ಎಂದು ಕೇಳಿದರು.

"ಇದಕ್ಕೆ ಪಾನಾಗಿಂತ ಲ್ಯಾಪ್‌ಟಾಪ್ ಬೇಕು ಅಬ್ಬಾ. ಒಳಗಿನದೆಲ್ಲ ಕಂಪ್ಯೂಟರ್."

"ಕೆಟ್ಟರೆ?"

"ಕಂಪನಿಯವರೇ ನೋಡ್ತಾರೆ."

"ಕಂಪನಿಯೇ ಮುಚ್ಚಿಹೋದ್ರೆ?"

ಅವಳು ಉತ್ತರ ಕೊಡಲಿಲ್ಲ. ಮೈಸೂರಿನ ಕಾರ್ಖಾನೆ ಮುಚ್ಚಿದ ವರ್ಷ ಅವಳು ಇನ್ನೂ ಚಿಕ್ಕವಳು. ಆ ಮೇಲಿನ ಅವಳ ಶಾಲೆಯ ಫೀಸು, ಕಾಲೇಜಿನ ಫೀಸು ಎಲ್ಲವೂ ಬಂದದ್ದು ಮುಚ್ಚಿಹೋದ ಕಂಪನಿಯ ಗಾಡಿಗಳನ್ನು ಬಿಚ್ಚಿ ಜೋಡಿಸಿದ ಕೈಗಳಿಂದ.

ಮಾಮೂ ಕೇಳಿದ್ದು ಮುದುಕನೊಬ್ಬನ ಹಳಹಳಿಕೆಯಲ್ಲ. ಕೊಂಡ ವಸ್ತುವನ್ನು ಬಿಚ್ಚಿ ಸರಿಪಡಿಸಿಕೊಳ್ಳುವ ಹಕ್ಕು ಯಾರದು ಎಂಬ ಪ್ರಶ್ನೆ ಇಂದು ಜಗತ್ತಿನಾದ್ಯಂತ ಎದ್ದಿದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಕಾನೂನನ್ನೇ ಮಾಡಿತು. ಬಟ್ಟೆ ಒಗೆಯುವ ಯಂತ್ರ, ಫೋನುಗಳಂಥ ವಸ್ತುಗಳಿಗೆ ಅದು ಅನ್ವಯಿಸುತ್ತದೆ. ಹೊಗೆಯಿಲ್ಲದ ಗಾಡಿ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪನಿಯೊಂದು ಮಲಗಿದ ದಿನವೇ ಅದರ ಗಾಡಿಗಳೂ ಮಲಗಬೇಕೆಂದಾದರೆ, ಕಂಪನಿ ಸತ್ತ ಮೇಲೂ ಗಾಡಿ ಉಳಿಸುವ ವಿದ್ಯೆ ನಮ್ಮ ಕಾಲದಲ್ಲೇ ಮುಗಿದುಹೋಗುತ್ತದೆ.

*

ಭಾನುವಾರ ಮಧ್ಯಾಹ್ನದ ರೈಲಿಗೆ ಮುಂಚೆ ಸ್ವಲ್ಪ ಹೊತ್ತಿತ್ತು. ಮಗಳು ನಮ್ಮನ್ನು ಲ್ಯಾಂಬ್ರಾಟೆಗೆ ಕರೆದುಕೊಂಡು ಹೋದಳು. ಲೊರೆಟೊದಿಂದ ಮೆಟ್ರೋದಲ್ಲಿ ಎರಡನೇ ನಿಲ್ದಾಣ. ಉಕ್ಕಿನ ಕೊಳವೆಗಳನ್ನು ಮಾಡುತ್ತಿದ್ದ ಫರ್ಡಿನಾಂಡೊ ಇನ್ನೋಸೆಂಟಿಯವರ ಕಾರ್ಖಾನೆ ಇದ್ದದ್ದು ಇಲ್ಲೇ. 1947ರಲ್ಲಿ ಇಲ್ಲಿಂದ ಹೊರಬಂದ ಸ್ಕೂಟರಿಗೆ ಪಕ್ಕದ ಲ್ಯಾಂಬ್ರೊ ಹೊಳೆಯ ನೆನಪಿನಲ್ಲಿ ಲ್ಯಾಂಬ್ರೆಟ್ಟಾ ಎಂದು ಹೆಸರಿಟ್ಟರು. ಜನ ಸಣ್ಣ ಕಾರುಗಳ ಕಡೆ ತಿರುಗಿದ ಮೇಲೆ ಸ್ಕೂಟರ್ ನಿಂತಿತು. 1972ರಲ್ಲಿ ಭಾರತ ಸರ್ಕಾರ ಸ್ಥಾಪಿಸಿದ ಸ್ಕೂಟರ್ಸ್ ಇಂಡಿಯಾ ಸಂಸ್ಥೆ ಅದರ ಯಂತ್ರೋಪಕರಣಗಳನ್ನು ಕೊಂಡು ಲಕ್ನೋಗೆ ಸಾಗಿಸಿತು. ಮಿಲಾನಿನ ಸ್ಕೂಟರ್ ವಿಜಯ್ ಸೂಪರ್ ಆಗಿ ನಮ್ಮ ರಸ್ತೆಗೆ ಬಂತು. ಇಲ್ಲಿ ಕಾರು ತಯಾರಿಸುತ್ತ ಉಳಿದಿದ್ದ ಕಾರ್ಖಾನೆಯೂ 1993ರಲ್ಲಿ ಮುಚ್ಚಿತು. ಲಕ್ನೋದ ಸಂಸ್ಥೆಯನ್ನು ಮುಚ್ಚಲು 2021ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಕಾರ್ಖಾನೆಯ ಒಂದು ಭಾಗದ ಅಸ್ಥಿಪಂಜರ ಇನ್ನೂ ನಿಂತಿದೆ. ಗಾಜಿಲ್ಲ, ಗೋಡೆಯಿಲ್ಲ, ಕಬ್ಬಿಣದ ಕಂಬಗಳು ಮಾತ್ರ. ಮಾಮೂ ಬೇಲಿಯ ಹೊರಗೆ ಕೈಕಟ್ಟಿ ನಿಂತು ನೋಡಿದರು. ಏನೂ ಮಾತಾಡಲಿಲ್ಲ. ನಮಗೆ ಯಾದವಗಿರಿ ನೆನಪಾಯಿತು. ಅವರಿಗೂ ಆಗಿರಬೇಕು.

ನಿಲ್ದಾಣಕ್ಕೆ ಹಿಂತಿರುಗುವಾಗ ಗಲ್ಲಿಯೊಂದರಲ್ಲಿ ಪುಟ್ಟ ಗ್ಯಾರೇಜು ಕಂಡಿತು. ಭಾನುವಾರವಾದ್ದರಿಂದ ಬಾಗಿಲು ಹಾಕಿತ್ತು. ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡಿದೆವು. ಒಳಗೆ ಇಂಜಿನ್ ಬಿಚ್ಚಿಟ್ಟ ಹಳೆಯ ಲ್ಯಾಂಬ್ರೆಟ್ಟಾ ಒಂದಿತ್ತು. ಪಕ್ಕದ ಮೇಜಿನ ಮೇಲೆ ತಗಡಿನ ತಟ್ಟೆ, ಅದರಲ್ಲಿ ಪಿಸ್ಟನ್, ರಿಂಗು, ಬೇರಿಂಗು, ನಟ್ಟುಬೋಲ್ಟುಗಳು ಒಂದರ ಪಕ್ಕ ಒಂದು.

ಮಾಮೂ ಗಾಜನ್ನು ಅಂಗಿಯ ತೋಳಿನಿಂದ ಒರೆಸಿ ಮತ್ತೊಮ್ಮೆ ಬಗ್ಗಿ ನೋಡಿದರು.

"ಬಿಚ್ಚಿದ ಸಾಲಲ್ಲೇ ಇಟ್ಟಿದ್ದಾನೆ" ಎಂದರು. "ಒಳ್ಳೆ ಉಸ್ತಾದನ ಹತ್ರ ಕಲಿತವನು."

ಆ ಎರಡು ದಿನಗಳಲ್ಲಿ ಅವರು ಮೆಚ್ಚಿ ಆಡಿದ ಅತಿ ದೊಡ್ಡ ಮಾತು ಅದು. ಆ ಗ್ಯಾರೇಜಿನವನು ಯಾರೋ, ಯಾವ ದೇಶದಿಂದ ಬಂದು ಅಲ್ಲಿ ನೆಲೆಸಿದವನೋ ನಮಗೆ ಗೊತ್ತಿಲ್ಲ. ಮಾಮೂ ಅದನ್ನು ಕೇಳಲೂ ಇಲ್ಲ.